ಬೀಗಲ್ ಊಳಿಡೋದನ್ನ ನಿಲ್ಲಿಸೋಕೆ ಆಗತ್ತಾ?

ಗುಂಡನ ಮನೆಯವನು:
ಹದಿನಾಲ್ಕು ತಿಂಗಳ ಬೀಗಲ್ ನಾಯಿ, ಹೆಸರು ಗುಂಡ. ಬೆಂಗಳೂರಲ್ಲಿ ಮೂರನೇ ಮಹಡಿ ಫ್ಲ್ಯಾಟು. ಬೊಗಳಿದ್ರೆ ಸಹಿಸ್ಕೋತೀನಿ. ಇವನು ಕತ್ತೆತ್ತಿ, ತುಟಿ ದುಂಡಗೆ ಮಾಡಿ "ಊ..." ಅಂತ ಎಳೆದ್ರೆ ಗೇಟಿನವರೆಗೂ ಕೇಳತ್ತೆ. ಬೆಳಗ್ಗೆ ಹಾಲಿನವನು ಬಂದಾಗ ಒಂದ್ಸಲ, ಪಕ್ಕದ ಮನೇಲಿ ಮೀನು ಹುರಿದಾಗ ಇನ್ನೊಂದ್ಸಲ. ನಿನ್ನೆ ಕೆಳಗಿನ ಮನೆ ಆಂಟಿ "ಮಗುಗೆ ಹುಷಾರಿಲ್ವೇನ್ರೀ?" ಅಂದ್ರು. ಮನೇಲಿ ಮಗೂನೇ ಇಲ್ಲ. ಕೂಗಿದ್ರೆ ಕುತ್ತಿಗೆಗೆ ಕರೆಂಟ್ ಹೊಡೆಯೋ ಶಾಕ್ ಕಾಲರ್ ತರಿಸ್ಲಾ?

ಮೈಸೂರ್ ಅತ್ತಿಗೆ:
ದಯವಿಟ್ಟು ಬೇಡ. ಹಾಲಿನವನು ಬಂದಾಗೆಲ್ಲ ನೋವಾದ್ರೆ ಅವನಿಗೆ ಹಾಲಿನವನ ಮೇಲೇ ಭಯ, ಸಿಟ್ಟು ಬರತ್ತೆ.
ನಮ್ಮ ಮಾವನವರ ಊರು ಮುಧೋಳದ ಹತ್ರ. ಅಲ್ಲಿ ಮುಧೋಳ ನಾಯಿ ಇದೆ. ಅದು ಕಣ್ಣಿಂದ ಬೇಟೆಯಾಡೋದು. ಮೊಲ ಕಂಡ್ರೆ ಓಟ, ಬಾಯಿಗೆ ಕೆಲಸ ಇಲ್ಲ. ಬೀಗಲ್ ಮೂಗಿನ ನಾಯಿ. ಇಂಗ್ಲೆಂಡಲ್ಲಿ ಮೊಲದ ಬೇಟೆಗೆ ಹಿಂಡು ಬಿಟ್ಟು, ಜನ ಹಿಂದೆ ನಡ್ಕೊಂಡು ಹೋಗ್ತಿದ್ರು. ಪೊದೆಯೊಳಗೆ ನಾಯಿ ಕಾಣಲ್ಲ, "ವಾಸನೆ ಸಿಕ್ತು" ಅಂತ ಅದು ಕೂಗಿದ್ರೇನೆ ದಾರಿ ತಿಳಿಯೋದು. ಗಂಟಲಿದ್ದ ನಾಯೀನೇ ಆರಿಸಿ ಆರಿಸಿ ತಳಿ ಬೆಳೆಸಿದ್ದಾರೆ. ನಮ್ಮ ಬೀಗಲ್ ಚಿನ್ನೀನ ಮೊದಲ ಸಲ ಊರಿಗೆ ಕರ್ಕೊಂಡು ಹೋದಾಗ ಮಾವ, "ಇದೇನು ನಾಯೋ, ಭಜನಿ ಮ್ಯಾಳೋ?" ಅಂದಿದ್ರು.
ನಾನು ಮಾಡಿದ್ದು: ಹಳೇ ಟವೆಲ್ ಮೇಲೆ ಡ್ರೈ ಫುಡ್ ಚೆಲ್ಲಿ, ಬಿಗಿಯಾಗಿ ಸುರುಳಿ ಸುತ್ತಿ, ಹಾಲಿನವನು ಬರೋ ಐದು ನಿಮಿಷ ಮುಂಚೆ ಮುಂದಿಡೋದು. ಮೂಗಿಗೆ ಕೆಲಸ ಸಿಕ್ರೆ ಬಾಯಿ ಸುಮ್ಮನಿರತ್ತೆ. ವಾಕಿಂಗಲ್ಲೂ ದರದರ ಎಳ್ಕೊಂಡು ಹೋಗ್ಬೇಡಿ. ಒಂದು ಕಂಬ ಮೂಸೋಕೆ ಎರಡು ನಿಮಿಷ ಬೇಕಂದ್ರೆ ನಿಂತ್ಕೊಳ್ಳಿ. ನೀವಿಲ್ಲದಾಗಲೂ ಕೂಗ್ತಾನಾ? ಮೊಬೈಲಲ್ಲಿ ರೆಕಾರ್ಡಿಂಗ್ ಹಾಕಿಟ್ಟು ಹೋಗಿ ನೋಡಿ. ಒಂಟಿತನದ ಊಳಾದ್ರೆ ಟವೆಲ್ ಸಾಲಲ್ಲ, ಎರಡು ನಿಮಿಷ, ಐದು ನಿಮಿಷ ಅಂತ ನಿಧಾನಕ್ಕೆ ಅಭ್ಯಾಸ ಮಾಡಿಸ್ಬೇಕು.

ನಾಲ್ಕನೇ ಕ್ರಾಸ್:
ಬೊಗಳತ್ತೆ ಅಂತ ಅಸೋಸಿಯೇಷನ್‌ನವರು ನಾಯಿ ಸಾಕೋದನ್ನೇ ನಿಷೇಧಿಸೋ ಹಾಗಿಲ್ಲ. ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಪ್ರಿಂಟ್ ತೆಗೆದಿಟ್ಕೊಳ್ಳಿ. ಆದ್ರೆ ಆಂಟಿ ಹತ್ರ ಅದನ್ನ ಹಿಡ್ಕೊಂಡು ಹೋಗ್ಬೇಡಿ, ಗುಂಡನ್ನ ಕರ್ಕೊಂಡು ಹೋಗಿ.

ಗುಂಡನ ಮನೆಯವನು:
ಕಾಲರ್ ಕೈಬಿಟ್ಟೆ. ಇವತ್ತು ಹಾಲಿನವನು ಬಂದು ಹೋಗಿದ್ದು ಇವನಿಗೆ ಗೊತ್ತೇ ಆಗ್ಲಿಲ್ಲ, ತಲೆ ಟವೆಲ್ ಒಳಗಿತ್ತು. ಮಧ್ಯಾಹ್ನ ಪಕ್ಕದ ಮನೇಲಿ ಬಂಗಡೆ ಹುರಿದ್ರು, ಇವನ ಸಂಗೀತ ಕಛೇರಿ ಮಾಮೂಲಿ. ಆಂಟಿ ಮೇಲೆ ಬಂದ್ರು, ಬಾಲ ಅಲ್ಲಾಡಿಸಿದ, ಒಂದು ಮಾರಿ ಬಿಸ್ಕೆಟ್ ಕೊಟ್ಟು ಹೋದ್ರು. ಈಗ ಅವರು ಮೆಟ್ಟಿಲು ಹತ್ತಿದ್ರೂ ಊಳಿಡ್ತಾನೆ.