ದವಡೆ ಮುರಿತಕ್ಕೆ ತಂತಿಯೋ, ಪ್ಲೇಟೋ?

ಪ್ರಶ್ನೆ (ಡೊಂಬಿವಲಿ):
ಕಳೆದ ವಾರ ಘೋಡ್‌ಬಂದರ್ ರಸ್ತೆಯಲ್ಲಿ ಬೈಕು ಜಾರಿ ನನ್ನ ತಮ್ಮನ ಕೆಳದವಡೆ ಎರಡು ಕಡೆ ಮುರಿದಿದೆ: ಒಂದು ಗದ್ದದಲ್ಲಿ, ಇನ್ನೊಂದು ಬಲಗಿವಿಯ ಮುಂದಿನ ಕೀಲಿನಲ್ಲಿ. ಗದ್ದಕ್ಕೆ ಟೈಟಾನಿಯಂ ಪ್ಲೇಟು ಹಾಕಿ, ಕೀಲನ್ನು ಕೊಯ್ಯದೆ ಬಿಡುವುದಾಗಿ ವೈದ್ಯರು ಹೇಳಿದ್ದಾರೆ. 40 ವರ್ಷಗಳ ಹಿಂದೆ ಇಂಥದೇ ಪೆಟ್ಟಿಗೆ 6 ವಾರ ಬಾಯಿ ಕಟ್ಟಿಸಿಕೊಂಡಿದ್ದ ನಮ್ಮ ಸೋದರಮಾವ, ಮೈಯೊಳಗೆ ಲೋಹವೇಕೆ, ತಂತಿಯೇ ಸಾಕು ಎನ್ನುತ್ತಾರೆ. ಒಂದು ಮುರಿತಕ್ಕೆ ಪ್ಲೇಟು, ಇನ್ನೊಂದಕ್ಕೆ ಏಕಿಲ್ಲ ಎಂಬುದು ನನಗೂ ತಿಳಿದಿಲ್ಲ.

ಉತ್ತರ (ಮಾಟುಂಗಾ, ದಂತವೈದ್ಯ):
ನಿಮ್ಮ ಮಾವನವರಿಗೆ ಆಗ ಸಿಕ್ಕಿದ್ದು ಸರಿಯಾದ ಚಿಕಿತ್ಸೆಯೇ. ಮೇಲಿನ ಮತ್ತು ಕೆಳಗಿನ ಹಲ್ಲುಗಳನ್ನು ಬಿಗಿದರೆ ಮೂಳೆ ಅಲುಗಾಡದೆ ಕೂಡಿಕೊಳ್ಳುತ್ತದೆ. ಆದರೆ ಅಷ್ಟೂ ದಿನ ಗಂಜಿನೀರೇ ಗತಿ, ತೂಕ ಇಳಿಯುತ್ತದೆ, ವಾಂತಿಯಾದರೆ ತಂತಿ ಕತ್ತರಿಸಲು ತಲೆದೆಸೆಯಲ್ಲಿ ಕಟರ್ ಇಟ್ಟುಕೊಂಡೇ ಮಲಗಬೇಕು. 1970ರ ದಶಕದಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದ ಮ್ಯಾಕ್ಸಿಮ್ ಶಾಂಪಿ ಮತ್ತು ಅವರ ಸಂಗಡಿಗರು, ಅಗಿಯುವಾಗ ದವಡೆಯ ಯಾವ ಅಂಚು ಸೆಳೆತಕ್ಕೆ ಸಿಕ್ಕಿ ಬಿರಿಯುತ್ತದೆ ಎಂಬುದನ್ನು ಲೆಕ್ಕಹಾಕಿ, ಆ ರೇಖೆಯ ಮೇಲೆ ಪುಟ್ಟ ಪ್ಲೇಟು ಕೂರಿಸಿದರೆ ಸಾಕೆಂದು ತೋರಿಸಿದರು. ಸ್ಕ್ರೂ ಮೂಳೆಯ ಹೊರಪದರವನ್ನಷ್ಟೇ ಹಿಡಿಯುತ್ತದೆ; ತುಟಿಯ ಒಳಗಿನಿಂದ ಕೊಯ್ಯುವುದರಿಂದ ಮುಖದ ಮೇಲೆ ಕಲೆ ಉಳಿಯುವುದಿಲ್ಲ. ಗದ್ದದಲ್ಲಿ ತಿರುಚುವ ಬಲವೂ ಇರುವುದರಿಂದ ಅಲ್ಲಿ ಎರಡು ಪ್ಲೇಟು ಹಾಕುವುದು ವಾಡಿಕೆ. ಬಿಲ್ಲಿನಲ್ಲಿ ಎರಡು ಕಂಡರೆ ಅನುಮಾನ ಪಡಬೇಡಿ.

ಕೀಲಿನ ವಿಷಯ ಬೇರೆ. ಅದರ ಹತ್ತಿರವೇ ಮುಖದ ಸ್ನಾಯುಗಳನ್ನು ಆಡಿಸುವ ನರ ಹಾದುಹೋಗುತ್ತದೆ. ತುಣುಕು ಹೆಚ್ಚು ಸರಿಯದೆ, ಹಲ್ಲುಗಳು ಸರಿಯಾಗಿ ಕೂಡುತ್ತಿದ್ದರೆ, ಕೆಲವು ದಿನ ಮೇಲಿನ ಮತ್ತು ಕೆಳಗಿನ ಹಲ್ಲುಗಳ ನಡುವೆ ರಬ್ಬರ್ ಪಟ್ಟಿ ಹಾಕಿ ಆಮೇಲೆ ಬಾಯಿ ತೆರೆಯುವ ವ್ಯಾಯಾಮ ಮಾಡಿಸುವುದೇ ಎಷ್ಟೋ ಸಲ ಮೇಲು.

ಉತ್ತರ (ಪುಣೆ):
ಗದ್ದ ಮುಚ್ಚದ ಅರ್ಧ ಹೆಲ್ಮೆಟ್ ನಂಬಿ ನಾನೂ ಪ್ಲೇಟು ಹಾಕಿಸಿಕೊಂಡವನು. ಕೆಳತುಟಿ 4 ತಿಂಗಳು ಜೋಮು ಹಿಡಿದಂತಿತ್ತು, ಬರಬರುತ್ತಾ ಸರಿಹೋಯಿತು. ರಾಗಿ ಅಂಬಲಿ, ಚೆನ್ನಾಗಿ ಕಿವುಚಿದ ಬೇಳೆಯನ್ನ ರೂಢಿಯಾಗಲಿ.

ಪ್ರಶ್ನೆ ಕೇಳಿದವರು:
ಪ್ಲೇಟನ್ನು ಮುಂದೆ ತೆಗೆಸಬೇಕೇ?

ಉತ್ತರ (ಮಾಟುಂಗಾ):
ಸೋಂಕಾದರೆ ಅಥವಾ ಸ್ಕ್ರೂ ಸಡಿಲವಾದರೆ ಮಾತ್ರ. ಬೆಳೆಯುವ ಮಕ್ಕಳ ದವಡೆಗೆ ನಿಯಮ ಬೇರೆ. ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ಇಂದಿಗೂ ಮೊದಲು ಹಲ್ಲುಗಳನ್ನು ತಂತಿಯಿಂದ ಕಟ್ಟಿ, ಅವು ಮೊದಲಿನಂತೆ ಕೂಡುವ ಹಾಗೆ ಸರಿಪಡಿಸಿಕೊಂಡ ಮೇಲೆಯೇ ಪ್ಲೇಟು ಬಿಗಿಯುತ್ತಾರೆ ಎಂದು ಮಾವನವರಿಗೆ ಹೇಳಿ. ಊತ ಇಳಿದ ಮೇಲೆ ಹಲ್ಲುಗಳು ಮೊದಲಿನಂತೆ ಕೂಡುತ್ತಿವೆಯೇ ಎಂದು ತಮ್ಮನನ್ನೇ ಕೇಳಿ. ಇಲ್ಲವೆಂದರೆ ಅಂದೇ ವೈದ್ಯರಿಗೆ ತೋರಿಸಿ.