ತಮ್ಮನ ಜೈಲಿನ ಪತ್ರಗಳನ್ನು ಅಚ್ಚಿಗೆ ಕೊಡಬಹುದೇ?

ಪ್ರಶ್ನೆ: ಶಿಕ್ಷಕಿ, ಕೊಪ್ಪಳ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ನಾನು ಕೊಪ್ಪಳ ಜಿಲ್ಲೆಯ ಒಂದು ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಹೊಲದ ಬದುವಿನ ಜಗಳದಲ್ಲಿ ನನ್ನ ತಮ್ಮನ ಕೈಯಿಂದ ನಮ್ಮ ದಾಯಾದಿಯೊಬ್ಬರ ಜೀವ ಹೋಯಿತು. ಅವನಿಗೆ ಜೀವಾವಧಿ ಶಿಕ್ಷೆಯಾಗಿ, ಹನ್ನೊಂದು ವರ್ಷಗಳಿಂದ ಊರಿಗೆ ಬಹಳ ದೂರದ ಒಂದು ಕೇಂದ್ರ ಕಾರಾಗೃಹದಲ್ಲಿದ್ದಾನೆ. ಅವನು ಮಾಡಿದ್ದು ತಪ್ಪೆಂಬುದರಲ್ಲಿ ನಮಗಾಗಲಿ ಅವನಿಗಾಗಲಿ ಎರಡು ಮಾತಿಲ್ಲ. ನಾನು ಕೇಳಬೇಕೆಂದಿರುವುದು ಬೇರೆ.

ಆರು ವರ್ಷಗಳ ಹಿಂದೆ, ಕೈದಿಗಳ ಸ್ಥಿತಿಗತಿ ಸುಧಾರಿಸಬೇಕೆಂದು ಬಹಳ ಕಾಲದಿಂದ ದುಡಿಯುತ್ತಿರುವ ಹಿರಿಯ ಮಹಿಳೆಯೊಬ್ಬರು ಆ ಜೈಲಿಗೆ ಭೇಟಿ ಕೊಟ್ಟಿದ್ದರು. ಉಳಿದವರೆಲ್ಲ ಊಟದ ವಿಷಯ, ವಕೀಲರ ವಿಷಯ ಹೇಳಿಕೊಂಡರೆ, ನನ್ನ ತಮ್ಮ ಓದಲು ಏನಾದರೂ ಕಳಿಸಿಕೊಡಿ ಎಂದು ಕೇಳಿದನಂತೆ. ಅವರು ಪುಸ್ತಕದ ಜೊತೆಗೆ ಒಂದು ಪತ್ರವನ್ನೂ ಕಳಿಸಿದರು. ಅಂದಿನಿಂದ ಹೆಚ್ಚುಕಡಿಮೆ ತಿಂಗಳಿಗೊಂದರಂತೆ ಇಬ್ಬರ ನಡುವೆ ಪತ್ರವ್ಯವಹಾರ ನಡೆದುಕೊಂಡು ಬಂದಿದೆ. ಕಳೆದ ಸಲ ಪೆರೋಲ್ ಮೇಲೆ ಬಂದಾಗ ಅವರ ಪತ್ರಗಳನ್ನೆಲ್ಲ ಒಂದು ಬಟ್ಟೆಯ ಚೀಲದಲ್ಲಿ ತಂದು ನನ್ನ ಕೈಗೆ ಕೊಟ್ಟ. ಇವನು ಬರೆದವುಗಳ ಜೆರಾಕ್ಸ್ ಪ್ರತಿಗಳನ್ನು ಆ ತಾಯಿಯೇ ನನಗೆ ಕಳಿಸಿಕೊಟ್ಟಿದ್ದಾರೆ. ಎರಡನ್ನೂ ತಾರೀಖಿನ ಪ್ರಕಾರ ಜೋಡಿಸಿಕೊಂಡು ಓದಿದೆ.

ಅವನು ಏಳನೆಯ ತರಗತಿಗೇ ಶಾಲೆ ಬಿಟ್ಟವನು. ಮೊದಲ ಪತ್ರ ನಾಲ್ಕೇ ಸಾಲಿನದು. ಅದರಲ್ಲಿ 'ಕಾರಾಗ್ರಹ' ಎಂದು ಎರಡು ಕಡೆ ಬರೆದಿದ್ದಾನೆ. ಅವರು ಅದನ್ನು ಎತ್ತಿ ತೋರಿಸಿಲ್ಲ. ತಮ್ಮ ಉತ್ತರದಲ್ಲಿ 'ಕಾರಾಗೃಹ' ಎಂಬ ಪದ ಮೂರು ಸಲ ಬರುವ ಹಾಗೆ ವಾಕ್ಯ ಮಾಡಿ, ಆ ಪದವನ್ನಷ್ಟೇ ಸ್ವಲ್ಪ ಬಿಡಿಸಿ ಬರೆದಿದ್ದಾರೆ. ಮುಂದಿನ ಪತ್ರದಿಂದ ಆ ತಪ್ಪು ಕಾಣುವುದಿಲ್ಲ. ಇಪ್ಪತ್ತೆರಡು ವರ್ಷ ಪಾಠ ಮಾಡಿದ ನನಗೆ ಹೀಗೂ ತಿದ್ದಬಹುದೆಂದು ಹೊಳೆದಿರಲಿಲ್ಲ. ನಾಲ್ಕನೆಯ ವರ್ಷದ ಹೊತ್ತಿಗೆ ಅವನು ಇನ್‌ಲ್ಯಾಂಡ್ ಪತ್ರದ ಮಡಿಕೆಯ ಅಂಚಿನವರೆಗೂ ಬರೆಯತೊಡಗಿದ್ದಾನೆ: ಬೇಸಿಗೆಯಲ್ಲಿ ನೀರು ಸಾಲದಾದಾಗ ಬ್ಯಾರಕ್ಕಿನಲ್ಲಿ ತಂಬಿಗೆ ಲೆಕ್ಕದಲ್ಲಿ ಹಂಚಿಕೊಂಡದ್ದು, ಮುಲಾಖಾತಿಗೆ ಯಾರೂ ಬಾರದ ಮುದುಕನೊಬ್ಬ ಪ್ರತಿ ಭಾನುವಾರ ಗಡ್ಡ ಬೋಳಿಸಿಕೊಂಡು ಕಾಯುವುದು, ಜಾಮೀನು ಮಂಜೂರಾಗಿಯೂ ಶ್ಯೂರಿಟಿ ನಿಲ್ಲುವವರಿಲ್ಲದೆ ಒಳಗೇ ಉಳಿದ ಹುಡುಗರ ಕಥೆ. ಅವರು ಕೂಡ ತಮ್ಮ ಮೊಣಕಾಲು ನೋವಿನಿಂದ ಹಿಡಿದು ಪತಿ ತೀರಿಕೊಂಡ ದುಃಖದವರೆಗೆ ಎಲ್ಲವನ್ನೂ ಇವನಿಗೆ ಬರೆದಿದ್ದಾರೆ. ಒಂದು ಪತ್ರದಲ್ಲಿ ಇವನೇ ಅವರಿಗೆ ಸಮಾಧಾನ ಹೇಳಿದ್ದಾನೆ.

ಈಗ ಅವರು ಇವನ ಪತ್ರಗಳನ್ನು ಪುಸ್ತಕ ಮಾಡಬೇಕೆಂದಿದ್ದಾರೆ. ತಮ್ಮ ಒಪ್ಪಿದ್ದಾನೆ. ನಮ್ಮ ತಂದೆ ಸುತರಾಂ ಬೇಡವೆನ್ನುತ್ತಾರೆ. ಬಿಡುಗಡೆಗೆ ಅರ್ಜಿ ಹಾಕುವ ಕಾಲ ಹತ್ತಿರ ಬರುತ್ತಿರುವಾಗ ಅಧಿಕಾರಿಗಳ ಕಣ್ಣಿಗೆ ಬೀಳುವುದು ಯಾಕೆ ಎಂಬುದು ಅವರ ಮಾತು. ನನಗೆ ಅದಕ್ಕಿಂತ ಇನ್ನೊಂದು ಅಳುಕಿದೆ. ತೀರಿಕೊಂಡವರ ಹೆಂಡತಿ ನಮ್ಮ ಓಣಿಯಲ್ಲೇ ಇದ್ದಾರೆ. ಇಬ್ಬರೂ ಒಂದೇ ನಲ್ಲಿಗೆ ಕೊಡ ಹಿಡಿಯುತ್ತೇವೆ. ಇಂಥ ಪುಸ್ತಕಕ್ಕೆ ಕಾನೂನಿನ ಅಡ್ಡಿ ಇದೆಯೇ? ಇಲ್ಲದಿದ್ದರೂ, ನೀವು ನನ್ನ ಜಾಗದಲ್ಲಿದ್ದರೆ ಏನು ಮಾಡುತ್ತಿದ್ದಿರಿ?

ಉತ್ತರ: ಜೈಲು ಶಾಲೆಯ ನಿವೃತ್ತ ಶಿಕ್ಷಕ, ಬಳ್ಳಾರಿ

ತಾಯಿ, ಕೈದಿ ಬರೆದ ಪತ್ರವನ್ನು ಅಂಟಿಸದೆ ಕಚೇರಿಗೆ ಕೊಡಬೇಕು. ಅಲ್ಲಿ ಓದಿ, ಮೊಹರು ಹಾಕಿ, ಆಮೇಲೆ ಅಂಚೆಗೆ ಕಳಿಸುತ್ತಾರೆ; ಹೊರಗಿನಿಂದ ಬಂದದ್ದನ್ನೂ ಒಡೆದು ನೋಡಿಯೇ ಕೊಡುತ್ತಾರೆ. ಹೀಗಾಗಿ ಆ ಪತ್ರಗಳಲ್ಲಿ ಅಧಿಕಾರಿಗಳ ಕಣ್ಣು ತಪ್ಪಿಸಿ ಹೊರಬಂದ ಸಾಲು ಎಂಬುದೇ ಇಲ್ಲ. ನಿಮ್ಮ ತಂದೆಯವರಿಗೆ ಇದನ್ನು ಮೊದಲು ಹೇಳಿ, ಅವರ ಅರ್ಧ ಭಯ ಕಡಿಮೆಯಾದೀತು.

ಆದರೆ ಕಚೇರಿಯಲ್ಲಿ ಒಬ್ಬರು ಓದಿ ಕಳಿಸಿದ್ದೇ ಬೇರೆ, ಪುಸ್ತಕವಾಗಿ ಊರೆಲ್ಲ ಓದುವುದೇ ಬೇರೆ. ಭಾನುವಾರ ಗಡ್ಡ ಬೋಳಿಸಿಕೊಂಡು ಕಾಯುವ ಆ ಮುದುಕನ ಹೆಸರೋ ಊರೋ ಪತ್ರದಲ್ಲಿದ್ದರೆ ತೆಗೆದುಬಿಡಿ. ಅವರು ಯಾವತ್ತೂ ಒಪ್ಪಿಗೆ ಕೊಟ್ಟವರಲ್ಲ, ಕೇಳಲು ಅವರ ಹತ್ತಿರ ಯಾರೂ ಹೋಗಿಲ್ಲ. ವಾರ್ಡರುಗಳ ಹೆಸರಿಗೂ ಇದೇ ಮಾತು. ನಾನು ಅಕ್ಷರ ಬಾರದವರ ಪರವಾಗಿ ನೂರಾರು ಪತ್ರ ಬರೆದುಕೊಟ್ಟವನು. ಹೇಳಿ ಬರೆಸುವಾಗ ಅವರು ಪಕ್ಕದವನಿಗೆ ಕೇಳಿಸಬಾರದೆಂದು ದನಿ ತಗ್ಗಿಸುತ್ತಿದ್ದರು. ನಾನು ಬಾಗಿ ಕಿವಿಯನ್ನು ಅವರ ಬಾಯಿಯ ಹತ್ತಿರ ಒಯ್ಯಬೇಕಾಗುತ್ತಿತ್ತು. ನೂರು ಜನ ಒಟ್ಟಿಗೆ ಮಲಗುವ ಜಾಗದಲ್ಲಿ ಮನುಷ್ಯನಿಗೆ ತನ್ನದೆಂದು ಉಳಿಯುವುದು ಆ ಪಿಸುಮಾತಿನಷ್ಟೇ ಜಾಗ.

ಉತ್ತರ: ವಕೀಲ, ರಾಯಚೂರು

ಕಾನೂನಿನ ಪ್ರಶ್ನೆಗೆ ಉತ್ತರಿಸುತ್ತೇನೆ. ಜೈಲಿನಿಂದ ಹೊರಬಂದ ಒಂದು ಪತ್ರವೇ ನಮ್ಮ ದೇಶದ ಕೈದಿಗಳ ಹಕ್ಕಿನ ದಿಕ್ಕು ಬದಲಿಸಿದ ಉದಾಹರಣೆಯಿದೆ. ತಿಹಾರ್ ಜೈಲಿನಲ್ಲಿದ್ದ ಸುನಿಲ್ ಬಾತ್ರಾ ಎಂಬ ಕೈದಿ, ಇನ್ನೊಬ್ಬ ಕೈದಿಯನ್ನು ಹಣಕ್ಕಾಗಿ ಹೆಡ್ ವಾರ್ಡರ್ ಒಬ್ಬ ಹಿಂಸಿಸಿದ್ದನ್ನು ವಿವರಿಸಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯೊಬ್ಬರಿಗೆ ಪತ್ರ ಬರೆದರು. ಕೋರ್ಟು ಆ ಪತ್ರವನ್ನೇ ಹೇಬಿಯಸ್ ಕಾರ್ಪಸ್ ಅರ್ಜಿಯಾಗಿ, ಅಂದರೆ ಬಂಧನದಲ್ಲಿರುವವರ ರಕ್ಷಣೆ ಕೋರುವ ಅರ್ಜಿಯಾಗಿ, ತೆಗೆದುಕೊಂಡಿತು. 1979ರ ಡಿಸೆಂಬರಿನಲ್ಲಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು ಬರೆದ ತೀರ್ಪು, ಜೈಲುಗಳಲ್ಲಿ ದೂರು ಪೆಟ್ಟಿಗೆ ಇರಬೇಕು, ಜಿಲ್ಲಾ ನ್ಯಾಯಾಧೀಶರು ಭೇಟಿ ಕೊಟ್ಟು ಕೈದಿಗಳ ಅಹವಾಲು ಕೇಳಬೇಕು ಎಂದು ಆದೇಶಿಸಿತು. ಬಾತ್ರಾ ಆಗ ಮರಣದಂಡನೆಗೆ ಗುರಿಯಾಗಿದ್ದವರು; ಪತ್ರ ಬರೆದದ್ದು ತಮಗಾಗಿ ಅಲ್ಲ, ಮತ್ತೊಬ್ಬರಿಗಾಗಿ.

ಬರಹವನ್ನು ಅಚ್ಚು ಮಾಡಿಸುವ ವಿಷಯಕ್ಕೆ ಎರಡು ತೀರ್ಪುಗಳು ನಿಮಗೆ ನೇರವಾಗಿ ಉಪಯುಕ್ತ. ಪ್ರಭಾಕರ ಪಾಂಡುರಂಗ ಸಂಝಗಿರಿ ಎಂಬುವರು ಮುಂಬಯಿಯ ಜೈಲಿನಲ್ಲಿದ್ದುಕೊಂಡು ಮರಾಠಿಯಲ್ಲಿ ಒಂದು ವಿಜ್ಞಾನದ ಪುಸ್ತಕ ಬರೆದರು. ಹಸ್ತಪ್ರತಿಯನ್ನು ಹೊರಗೆ ಕಳಿಸಲು ಸರ್ಕಾರ ಬಿಡಲಿಲ್ಲ. ಅದನ್ನು ತಡೆಯುವ ಅಧಿಕಾರ ಸರ್ಕಾರಕ್ಕೆ ಇಲ್ಲವೆಂದು ಸುಪ್ರೀಂ ಕೋರ್ಟು 1965ರಲ್ಲಿ ಹೇಳಿತು. ಅವರು ಶಿಕ್ಷೆಗೊಳಗಾದ ಕೈದಿಯಾಗಿರದೆ ಮುನ್ನೆಚ್ಚರಿಕೆಯ ಬಂಧನದಲ್ಲಿದ್ದವರು ಎಂಬ ವ್ಯತ್ಯಾಸವನ್ನು ಗಮನದಲ್ಲಿಡಿ. ಎರಡನೆಯದು 1994ರ ಆರ್. ರಾಜಗೋಪಾಲ್ ಪ್ರಕರಣ. ಆಟೋ ಶಂಕರ್ ಎಂಬ ಕೈದಿ ಜೈಲಿನಲ್ಲಿ ಬರೆದ ಆತ್ಮಕಥೆಯನ್ನು ತಮಿಳು ವಾರಪತ್ರಿಕೆಯೊಂದು ಪ್ರಕಟಿಸಬಾರದೆಂದು ಅಧಿಕಾರಿಗಳು ತಡೆಯಹೊರಟಾಗ, ಪ್ರಕಟಣೆಗೆ ಮುಂಚೆಯೇ ಹಾಗೆ ತಡೆಯುವ ಅಧಿಕಾರ ಅವರಿಗಿಲ್ಲ, ಮಾನಹಾನಿಯಾದರೆ ಆಮೇಲೆ ಕೋರ್ಟಿಗೆ ಹೋಗಬಹುದು ಎಂದು ತೀರ್ಪಾಯಿತು. ಖಾಸಗಿ ಬದುಕಿನ ಹಕ್ಕನ್ನು ಎತ್ತಿಹಿಡಿದದ್ದೂ ಅದೇ ತೀರ್ಪು, ಆದ್ದರಿಂದ ನಿಮ್ಮ ಓಣಿಯ ಆ ಹೆಣ್ಣುಮಗಳ ವಿಷಯದಲ್ಲಿ ನಿಮ್ಮ ಅಳುಕು ಕೇವಲ ಮನಸ್ಸಿನ ಮಾತಲ್ಲ, ಕಾನೂನಿನ ಮಾತೂ ಹೌದು.

ಬಿಡುಗಡೆಯ ಬಗ್ಗೆ: ಮರಣದಂಡನೆಯನ್ನೂ ವಿಧಿಸಬಹುದಾದ ಅಪರಾಧಕ್ಕೆ ಜೀವಾವಧಿ ಶಿಕ್ಷೆಯಾದವರು ಕನಿಷ್ಠ 14 ವರ್ಷ ಒಳಗಿರಲೇಬೇಕು. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 433ಎ ಕಲಮಿನಲ್ಲಿದ್ದ ಈ ನಿಯಮ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 475ನೆಯ ಕಲಮಿನಲ್ಲಿದೆ. ಅವಧಿಗೆ ಮುಂಚಿನ ಬಿಡುಗಡೆಯನ್ನು ಪರಿಶೀಲಿಸುವಾಗ ಪೊಲೀಸರ ವರದಿಯನ್ನು ತರಿಸಿಕೊಳ್ಳುತ್ತಾರೆ. ಈತ ಊರಿಗೆ ಮರಳಿದರೆ ಶಾಂತಿಗೆ ಭಂಗ ಬರುವುದೇ ಎಂಬುದು ಅದರಲ್ಲಿ ಮುಖ್ಯ. ಪುಸ್ತಕ ಬಂದದ್ದರಿಂದ ಜೈಲಿನವರು ಮುನಿಯುವುದಕ್ಕಿಂತ, ಪುಸ್ತಕದ ಒಂದು ವಾಕ್ಯದಿಂದ ಊರಿನಲ್ಲಿ ಹಳೆಯ ಗಾಯ ಕೆರಳುವುದೇ ನನಗೆ ದೊಡ್ಡ ಅಪಾಯವಾಗಿ ಕಾಣುತ್ತದೆ. ಪುಸ್ತಕದ ವಿಷಯ ತಿಳಿಸಿ ಒಂದು ಅರ್ಜಿ ಬರೆದು ಜೈಲಿನ ಅಧೀಕ್ಷಕರಿಗೆ ಕೊಟ್ಟು, ಸ್ವೀಕೃತಿ ಪಡೆದಿಟ್ಟುಕೊಳ್ಳಿ. ವಕೀಲರ ಖರ್ಚಿನ ಚಿಂತೆ ಬೇಡ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ ಪ್ರಕಾರ ಬಂಧನದಲ್ಲಿರುವ ಪ್ರತಿಯೊಬ್ಬರೂ ಉಚಿತ ಕಾನೂನು ನೆರವಿಗೆ ಅರ್ಹರು.

ಉತ್ತರ: ಇತಿಹಾಸ ಉಪನ್ಯಾಸಕಿ, ಬಳ್ಳಾರಿ

ಜೈಲು ಸುಧಾರಕರ ಇತಿಹಾಸವನ್ನು ಓದಿಕೊಂಡು ಬಂದವಳಾಗಿ ಒಂದು ಮಾತು ಹೇಳಬೇಕೆನಿಸಿತು. ಸುಧಾರಕರು ಕೈದಿಗಳಿಗೆ ಕಲಿಸಿದರೆಂದು ನಾವು ಹೇಳುತ್ತೇವೆ. ನಿಜವಾಗಿ ಕೆಲಸ ಮಾಡಿದ ಸುಧಾರಕರು ಕೈದಿಗಳಿಂದ ಕಲಿತವರು. ಅಮೆರಿಕದ ಥಾಮಸ್ ಮಾಟ್ ಆಸ್ಬರ್ನ್ 1913ರ ಸೆಪ್ಟೆಂಬರಿನಲ್ಲಿ 'ಟಾಮ್ ಬ್ರೌನ್' ಎಂಬ ಹೆಸರಿನಲ್ಲಿ ನ್ಯೂಯಾರ್ಕ್ ರಾಜ್ಯದ ಆಬರ್ನ್ ಜೈಲಿನಲ್ಲಿ ಒಂದು ವಾರ ಕೈದಿಯಾಗಿ ಇದ್ದರು. ಕೈದಿಗಳು ಪರಸ್ಪರ ಮಾತಾಡಕೂಡದೆಂಬ ನಿಯಮವಿದ್ದ ಜೈಲು ಅದು. ಬುಟ್ಟಿ ಹೆಣೆಯುವ ಕೆಲಸದಲ್ಲಿ ಅವರ ಜೊತೆಗಾರನಾಗಿದ್ದ ಜಾಕ್ ಮರ್ಫಿ ಎಂಬ ಕೈದಿಯೊಂದಿಗೆ ಆಡಿದ ಮಾತುಗಳಿಂದಲೇ, ಕೈದಿಗಳು ತಮ್ಮ ಶಿಸ್ತನ್ನು ತಾವೇ ನೋಡಿಕೊಳ್ಳುವ ಸಂಘದ ಯೋಚನೆ ಮೊಳೆತು, 1914ರಲ್ಲಿ ಅದು ಕಾರ್ಯರೂಪಕ್ಕೆ ಬಂದಿತು. ನಿಮ್ಮ ತಮ್ಮ ಬರೆದಿರುವ ತಂಬಿಗೆ ನೀರಿನ ಲೆಕ್ಕವೂ ಅಂಥದ್ದೇ: ಹೊರಗಿನಿಂದ ಒಂದು ದಿನ ಬಂದುಹೋಗುವವರಿಗೆ ಸಿಗುವ ಮಾಹಿತಿಯಲ್ಲ.

ಇನ್ನೊಂದು ಸ್ನೇಹ ನನಗೆ ಬಹಳ ಹತ್ತಿರದ್ದು. ದಕ್ಷಿಣ ಆಫ್ರಿಕಾದ ಸಂಸದೆ ಹೆಲೆನ್ ಸುಜ್ಮನ್ 1967ರಲ್ಲಿ ರಾಬೆನ್ ದ್ವೀಪದ ಜೈಲಿಗೆ ಹೋದಾಗ, ಅಲ್ಲಿನ ಕೈದಿಗಳು ತಮ್ಮ ಪರವಾಗಿ ಮಂಡೇಲಾ ಮಾತಾಡುತ್ತಾರೆಂದು ಅವರ ಕೋಣೆಯ ಕಡೆ ಕೈತೋರಿಸಿದರು. ಮಂಡೇಲಾ, ಕೈಮೇಲೆ ಸ್ವಸ್ತಿಕದ ಹಚ್ಚೆಯಿದ್ದ ಒಬ್ಬ ಕ್ರೂರ ವಾರ್ಡರನ ವಿಷಯ ಹೇಳಿದರು. ಆಕೆ ಪಟ್ಟುಹಿಡಿದ ಮೇಲೆ ಆತನನ್ನು ಅಲ್ಲಿಂದ ತೆಗೆಯಲಾಯಿತು. ಮುಂದೆ ಮಂಡೇಲಾ ಜೈಲಿನಿಂದಲೇ ಆಕೆಗೆ ಪತ್ರ ಬರೆದರು. ಮೊದಮೊದಲು ಅವರಿಗೆ ಆರು ತಿಂಗಳಿಗೆ ಒಂದೇ ಪತ್ರ, ಅದೂ 500 ಪದಗಳೊಳಗೆ, ಎಂಬ ನಿಯಮವಿತ್ತು. ಅವರು ತಮ್ಮ ಪತ್ರಗಳನ್ನು ನೋಟ್‌ಬುಕ್‌ಗಳಲ್ಲಿ ನಕಲು ಮಾಡಿಟ್ಟುಕೊಳ್ಳುತ್ತಿದ್ದರು. ಜೈಲಿನವರು ಕಸಿದುಕೊಂಡ ಅಂಥ ಎರಡು ನೋಟ್‌ಬುಕ್‌ಗಳು 2004ರಲ್ಲಿ ಅವರ ಕೈಗೆ ಮರಳಿ ಬಂದವು. ಆದ್ದರಿಂದ ಪುಸ್ತಕವಾಗಲಿ ಬಿಡಲಿ, ಆ ಬಟ್ಟೆಯ ಚೀಲದಲ್ಲಿರುವ ಮೂಲ ಪತ್ರಗಳನ್ನು ಮಾತ್ರ ಯಾರ ಕೈಗೂ ಕೊಡಬೇಡಿ. ಮುಖಪುಟದಲ್ಲಿ ಲೇಖಕನೆಂದು ನಿಮ್ಮ ತಮ್ಮನ ಹೆಸರೇ ಇರಲಿ ಎಂದೂ ಕೇಳಿ. ಸುರಕ್ಷತೆಗಾಗಿ ಕಾವ್ಯನಾಮ ಬೇಕಾದರೆ ಅದನ್ನು ಅವನೇ ಆರಿಸಿಕೊಳ್ಳಲಿ.

ಉತ್ತರ: ಬಿಡುಗಡೆಯಾಗಿ ಬಂದವನು, ಸಿಂಧನೂರು ತಾಲ್ಲೂಕು

ಅಕ್ಕಾರೆ, ನಾನು ಹೆಚ್ಚು ಓದಿದವನಲ್ಲ, ಒಳಗಿದ್ದು ಬಂದವನು. ನನಗೂ ಹೊರಗಿನ ಒಬ್ಬರು ಪತ್ರ ಬರೆಯುತ್ತಿದ್ದರು. ಜೈಲಿನ ಬಗ್ಗೆ ಬರೆಯಬೇಕೆಂದು ಕೇಳಿ ಕೇಳಿ ತಿಳಿದುಕೊಂಡರು, ನಾನೂ ಮನಸ್ಸು ಬಿಚ್ಚಿ ಬರೆದೆ. ಅವರ ಲೇಖನ ಅಚ್ಚಾದ ಮೇಲೆ ಪತ್ರ ನಿಂತಿತು. ಅಂಚೆ ಹಂಚುವ ಹೊತ್ತಿಗೆ ಹೆಸರು ಕೂಗುತ್ತಾರೆ. ನನ್ನ ಹೆಸರು ಬರಬಹುದೆಂದು ಎಂಟು ತಿಂಗಳು ಎದ್ದು ಹೋಗಿ ನಿಂತೆ. ಶಿಕ್ಷೆಯಾದ ದಿನಕ್ಕಿಂತ ಆ ಎಂಟು ತಿಂಗಳು ನನಗೆ ಹೆಚ್ಚು ಭಾರವಾಗಿದ್ದವು ಎಂದು ನಾನು ಯೋಚಿಸಿಯೇ ಹೇಳುತ್ತಿದ್ದೇನೆ. ನಿಮ್ಮ ಆ ತಾಯಿ ಅಂಥವರಲ್ಲವೆಂದು ನೀವು ಬರೆದದ್ದರಿಂದಲೇ ಗೊತ್ತಾಗುತ್ತದೆ, ತಮ್ಮ ನೋವನ್ನೂ ಹೇಳಿಕೊಂಡಿದ್ದಾರಲ್ಲ. ಆದರೂ ಪುಸ್ತಕ ಬಂದ ಮೇಲೂ ತಿಂಗಳಿಗೊಂದು ಪತ್ರ ತಪ್ಪಿಸಬೇಡಿ ಎಂದು ಅವರಿಗೆ ಬಾಯಿಬಿಟ್ಟು ಹೇಳಿ.

ಆ ಮನೆಯ ವಿಷಯ. ನನ್ನ ಬಿಡುಗಡೆಗೆ ಮುಂಚೆ ಪೊಲೀಸರು ಊರಿಗೆ ಬಂದು ಕೇಳಿದಾಗ, ನನ್ನಿಂದ ನೊಂದ ಮನೆಯ ಹಿರಿಯರು 'ಬರಲಿ' ಎಂದು ಒಂದೇ ಮಾತು ಹೇಳಿದರು. ಆ ಒಂದು ಮಾತಿನ ಮೇಲೆ ನಾನು ಇಂದು ಮನೆಯಲ್ಲಿ ಕೂತಿದ್ದೇನೆ. ಪುಸ್ತಕ ಬರುವ ಮುಂಚೆ ನೀವೇ ಆ ಅಕ್ಕನ ಮನೆಗೆ ಹೋಗಿ. ಬೇರೆಯವರ ಬಾಯಿಂದ ಅವರಿಗೆ ಗೊತ್ತಾಗಬಾರದು.

ಶಿಕ್ಷಕಿ, ಕೊಪ್ಪಳ ಜಿಲ್ಲೆ (ಮತ್ತೆ)

ಎಲ್ಲರಿಗೂ ಋಣಿ. ಮೂರು ವಾರ ತಡವಾಗಿ ಬರೆಯುತ್ತಿದ್ದೇನೆ, ಮುಲಾಖಾತಿಗೆ ಹೋಗಿ ಬರಬೇಕಾಗಿತ್ತು.

ಸಿಂಧನೂರಿನ ಅಣ್ಣನವರು ಹೇಳಿದಂತೆ ಮೊದಲು ಆ ಮನೆಗೆ ಹೋದೆ. ಹನ್ನೊಂದು ವರ್ಷದಲ್ಲಿ ಅವರ ಹೊಸ್ತಿಲು ತುಳಿದದ್ದು ಅದೇ ಮೊದಲು. ಅವರು ಕೂತುಕೋ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಜೋಳ ಹಸನು ಮಾಡುತ್ತಿದ್ದ ಮೊರವನ್ನು ಕೆಳಗಿಡದೆ ಎಲ್ಲವನ್ನೂ ಕೇಳಿ, "ನಮ್ಮ ಯಜಮಾನರ ಹೆಸರು ಅದರಾಗ ಬರಬಾರದು" ಎಂದಷ್ಟೇ ಹೇಳಿದರು. ತಮ್ಮನಿಗೆ ಇದನ್ನು ತಿಳಿಸಿದಾಗ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, ಆ ರಾತ್ರಿಯ ಬಗ್ಗೆ ತಾನು ಬರೆದ ಎರಡು ಪತ್ರಗಳನ್ನು ಪೂರ್ತಿಯಾಗಿ ಬಿಡಬೇಕು, ನೀರಿನ ವಿಷಯದ್ದೂ ಶ್ಯೂರಿಟಿ ಇಲ್ಲದ ಹುಡುಗರದ್ದೂ ಒಂದಕ್ಷರ ಬಿಡದೆ ಇರಬೇಕು ಎಂದ. ಆ ತಾಯಿಗೆ ಫೋನಿನಲ್ಲಿ ಹೇಳಿದೆ. ಅವರು ಎರಡಕ್ಕೂ ಒಪ್ಪಿದ್ದಾರೆ. ಪತ್ರ ನಿಲ್ಲಿಸಬೇಡಿ ಎಂದದ್ದಕ್ಕೆ, ಈ ತಿಂಗಳದ್ದು ಆಗಲೇ ಅಂಚೆಗೆ ಹಾಕಿಯಾಯಿತು ಎಂದರು.

ವಕೀಲರಲ್ಲಿ ಒಂದು ವಿನಂತಿ: ಅಧೀಕ್ಷಕರಿಗೆ ಕೊಡುವ ಅರ್ಜಿ ನನ್ನ ಹೆಸರಿನಲ್ಲಿರಬೇಕೇ, ತಮ್ಮನ ಹೆಸರಿನಲ್ಲಿರಬೇಕೇ? ಅವನೇ ಬರೆಯುತ್ತೇನೆ ಎನ್ನುತ್ತಿದ್ದಾನೆ.