ಮಗಳ ಮದ್ದು, ಚೀಟಿ, ಡಾಕ್ಟ್ರು ಎಲ್ಲ ಒಟ್ಟು ಜೋಡಿಸುದು ಹೇಗೆ?

ಪೆರ್ಲದ ಅಮ್ಮ:
ಮಗಳಿಗೆ ಆರು ವರ್ಷ, ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಬಾರದ್ದು), ಫಿಟ್ಸೂ ಉಂಟು, ಊಟ ಮೂಗಿನ ಟ್ಯೂಬಲ್ಲಿ. ನ್ಯೂರೋ ಡಾಕ್ಟ್ರು ಮಂಗಳೂರಲ್ಲಿ, ಫಿಸಿಯೋ ಕಾಸರಗೋಡಲ್ಲಿ, ಜ್ವರ ಬಂದ್ರೆ ಇಲ್ಲಿಯ ಪಿಎಚ್‌ಸಿ, ಒಬ್ರು ಬರೆದದ್ದು ಇನ್ನೊಬ್ರಿಗೆ ಗೊತ್ತೇ ಇರುದಿಲ್ಲ. ಕಳೆದ ತಿಂಗಳು ಡಿಸ್ಚಾರ್ಜ್ ಆಗುವಾಗ ಫಿಟ್ಸಿನ ಸಿರಪ್ ಡೋಸ್ ಜಾಸ್ತಿ ಮಾಡಿದ್ರು, ನಾನು ಮನೆಗೆ ಬಂದು ಫ್ರಿಜ್ಜಿಗೆ ಅಂಟಿಸಿದ ಹಳೆ ಚೀಟಿ ನೋಡಿ ಐದು ದಿನ ಹಳೆ ಲೆಕ್ಕದಲ್ಲೇ ಕೊಟ್ಟೆ ಮಾರಾಯ್ರೆ. ನೀವೆಲ್ಲ ಎಂತ ಮಾಡ್ತೀರಿ?

ಬದಿಯಡ್ಕದ ಅಪ್ಪ:
ಅಕ್ಕ, ಒಂದೇ ನೋಟ್‌ಬುಕ್ ಇಡಿ. ಮೊದಲ ಪುಟದಲ್ಲಿ ತೂಕ, ಅಲರ್ಜಿ, ಈಗಿನ ಮದ್ದು. ಎಷ್ಟು ಎಂಎಲ್ ಅಂತ ಮಾತ್ರ ಅಲ್ಲ, ಎಷ್ಟು ಮಿಲಿಗ್ರಾಂ ಅಂತಲೂ ಬರೀರಿ, ಬ್ರ್ಯಾಂಡ್ ಬದಲಾದ್ರೆ ಸಿರಪ್ಪಿನ ಸ್ಟ್ರೆಂತ್, ಅಂದ್ರೆ ಒಂದು ಎಂಎಲ್ಲಲ್ಲಿ ಎಷ್ಟು ಮದ್ದು ಅನ್ನುದು, ಬೇರೆ ಇರ್ಬಹುದು. ಡಿಸ್ಚಾರ್ಜ್ ದಿನ ಗಡಿಬಿಡಿಯಲ್ಲಿ ಹೊರಡ್ಬೇಡಿ, ನರ್ಸಿನ ಎದುರೇ ಸಿರಿಂಜಿಗೆ ಎಳೆದು ಸರಿಯಾ ಕೇಳಿ. ಬಸ್ಸು ಇನ್ನೊಂದು ಸಿಗ್ತದೆ.

ಮುಳ್ಳೇರಿಯದ ಒಬ್ರು:
ಪಂಚಾಯತಿನ ಪಾಲಿಯೇಟಿವ್ ಹೋಂ ಕೇರಿಗೆ (ದೀರ್ಘ ಕಾಯಿಲೆಯವರಿಗೆ ಮನೆಗೇ ಬಂದು ಮಾಡುವ ಆರೈಕೆ) ಹೆಸರು ಕೊಟ್ಟಿದ್ದೀರಾ? ಅದು ಮುದುಕರಿಗೆ ಮಾತ್ರ ಅಂತ ನಾನೂ ಅಂದ್ಕೊಂಡಿದ್ದೆ, ಮಕ್ಕಳಿಗೂ ಉಂಟು. ನಮ್ಮಲ್ಲಿ ಟ್ಯೂಬ್ ಬದಲಿಸ್ಲಿಕ್ಕೆ ನರ್ಸ್ ಮನೆಗೇ ಬರ್ತಾರೆ. ಮತ್ತೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್ ಇಂಥ ಮಕ್ಕಳಿಗೂ ಕೊಡುವ ನಿರಾಮಯ ಇನ್ಶೂರೆನ್ಸ್ ನೋಡಿ, ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ, ಅಡ್ಮಿಟ್ ಆಗದೆ ತೋರಿಸುವ ಒಪಿ ಖರ್ಚು, ಥೆರಪಿಗೂ ಸಿಗ್ತದೆ, ಬಿಲ್ಲು ಬಿಸಾಡ್ಬೇಡಿ.

ಪೆರ್ಲದ ಅಮ್ಮ:
ಬಿಲ್ಲು ಅರ್ಧ ಮಳೆಗೆ ಒದ್ದೆಯಾಗಿ ಹೋಗಿದೆ 😅 ನಾಳೆಯೇ ಆಶಾ ವರ್ಕರ್ ಹತ್ರ ಕೇಳ್ತೇನೆ.